ಅಪ್‌ಡೇಟ್: ಅಮ್ಮನ ಭುಜದ ನೋವು, ಫಿಸಿಯೋಥೆರಪಿಗೆ ಹೋಗಿ ಬಂದೆವು

ಅಮ್ಮನಿಗೆ ಫ್ರೋಜನ್ ಶೋಲ್ಡರ್ (ಭುಜದ ಕೀಲು ಬಿಗಿದುಕೊಂಡು ಕೈ ಎತ್ತೋಕೆ ಕಷ್ಟವಾಗೋ ತೊಂದರೆ), ಫಿಸಿಯೋಥೆರಪಿಯಲ್ಲಿ ಮೊದಲ ದಿನ ಏನು ಮಾಡ್ತಾರೆ ಅಂತ ಕೇಳಿದ್ದೆ ಅಲ್ವಾ? ಸಡಿಲ ತೋಳಿನ ರವಿಕೆ ಹಾಕಿಸಿ, ಹಳೇ ಎಕ್ಸ್‌ರೇ ಒಯ್ಯಿರಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಎರಡೂ ಕೆಲಸಕ್ಕೆ ಬಂದವು. ಎಳ್ಳೆಣ್ಣೆ ತಿಕ್ಕಿದ್ದು ಹಿತವಾಗಿತ್ತು, ಆದರೆ ಕೈ ಮೇಲೇಳಲಿಲ್ಲ.

ಮೊದಲ ದಿನ ಮಷಿನ್ ಮುಟ್ಟಲೇ ಇಲ್ಲ. ಅರ್ಧ ಗಂಟೆ ಬರೀ ಪ್ರಶ್ನೆ. ಯಾವ ಮಗ್ಗುಲಿಗೆ ಮಲಗ್ತೀರಿ, ಜಡೆ ಹೆಣೆಯೋಕೆ ಆಗುತ್ತಾ, ಶುಗರ್ ಇದೆಯಾ? ಶುಗರ್ ಇರುವವರಿಗೆ ಈ ತೊಂದರೆ ಜಾಸ್ತಿಯಂತೆ, ನಮಗೆ ಗೊತ್ತೇ ಇರಲಿಲ್ಲ. ಆಮೇಲೆ ಕೈ ಎಷ್ಟು ಏಳುತ್ತೆ ಅಂತ ಕೋನ ಅಳೆದು ಬರೆದುಕೊಂಡರು.

ಮನೆಗೆ ಕೊಟ್ಟ ವ್ಯಾಯಾಮವೇ ಮುಖ್ಯ. ಗೋಡೆ ಮೇಲೆ ಬೆರಳು ನಡೆಸುತ್ತಾ ಕೈ ಏರಿಸಬೇಕು. ಅಮ್ಮ ದಿನಾ ಪೆನ್ಸಿಲ್ ಗೆರೆ ಹಾಕ್ತಾರೆ. ನಿನ್ನೆಯದು ಮೊದಲ ಗೆರೆಗಿಂತ ನಾಲ್ಕು ಬೆರಳು ಮೇಲಿದೆ!