ಕಲಿಕೋಪಕರಣ, ತೊಡಗಿಸಿಕೊಳ್ಳು, ಹಲಗೆ: ತರಗತಿಯ ಕೆಲವು ಪದಗಳ ಕುರಿತು

ಬಲ್ಲವರೆಲ್ಲರಿಗೂ ನಮಸ್ಕಾರಗಳು.

ಕಡಿಮೆ ಖರ್ಚಿನಲ್ಲಿ ಸಿದ್ಧಪಡಿಸಬಹುದಾದ ತರಗತಿಯ ಸಾಧನಗಳನ್ನೂ ಅವುಗಳಿಂದ ಮಾಡಿಸಬಹುದಾದ ಚಟುವಟಿಕೆಗಳನ್ನೂ ಕುರಿತು ಶಿಕ್ಷಕರಿಗಾಗಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಸಾಧನಗಳ ವಿವರಣೆ ಕಷ್ಟವಾಗಲಿಲ್ಲ. ಅವುಗಳ ಹೆಸರಿನ ಬಳಿಗೆ ಬಂದಾಗಲೆಲ್ಲ ಬರವಣಿಗೆ ನಿಂತುಬಿಡುತ್ತಿದೆ.

ಮೊದಲನೆಯದು ಈ ವಸ್ತುಗಳ ಒಟ್ಟು ಹೆಸರು. ಬೋಧನೋಪಕರಣ, ಪಾಠೋಪಕರಣ, ಕಲಿಕೋಪಕರಣ, ಕಲಿಕಾ ಸಾಮಗ್ರಿ ಎಂಬ ನಾಲ್ಕನ್ನೂ ಒಂದೇ ಅರ್ಥದಲ್ಲಿ ಬಳಸುವುದು ರೂಢಿಯಾಗಿದೆ. ವಸ್ತು ಯಾರ ಕೈಯಲ್ಲಿದೆ ಎಂದು ಕೇಳಿಕೊಂಡರೆ ಇವು ಒಂದೇ ಅಲ್ಲವೆಂದು ನನಗೆ ತೋರುತ್ತದೆ. ಶಿಕ್ಷಕರು ಗೋಡೆಗೆ ತೂಗುಹಾಕಿ ಕೋಲಿನಿಂದ ತೋರಿಸುವ ನಕ್ಷೆ ಬೋಧನೋಪಕರಣ. ಮಗು ತಾನೇ ಎಣಿಸಿ, ಹತ್ತು ಹತ್ತಾಗಿ ಕಟ್ಟು ಕಟ್ಟುವ ಕಡ್ಡಿಗಳು ಕಲಿಕೋಪಕರಣ. 23ರಲ್ಲಿ 7 ಕಳೆಯುವ ಲೆಕ್ಕವನ್ನೇ ನೋಡಿ. ಮಗುವಿನ ಮುಂದೆ ಹತ್ತರ ಎರಡು ಕಟ್ಟುಗಳೂ ಮೂರು ಬಿಡಿ ಕಡ್ಡಿಗಳೂ ಇವೆ. ಮೂರರಲ್ಲಿ ಏಳನ್ನು ತೆಗೆಯಲಾಗದೆ ಅದು ಸ್ವಲ್ಪ ಹೊತ್ತು ಕಡ್ಡಿಗಳನ್ನು ಅತ್ತಿತ್ತ ಸರಿಸುತ್ತದೆ. ಆಮೇಲೆ ಒಂದು ಕಟ್ಟಿನ ರಬ್ಬರ್ ಬ್ಯಾಂಡನ್ನು ಬಿಚ್ಚಿ ಹದಿಮೂರು ಬಿಡಿಗಳನ್ನು ಮಾಡಿಕೊಂಡು ಏಳನ್ನು ಪಕ್ಕಕ್ಕಿಡುತ್ತದೆ. ಉಳಿದದ್ದು ಒಂದು ಕಟ್ಟು, ಆರು ಬಿಡಿ. ಇಲ್ಲಿ ಕನ್ನಡದ ‘ಬಿಡಿ’ ಎಂಬ ಪದ ಎಷ್ಟು ಚೆನ್ನಾಗಿ ದುಡಿಯುತ್ತಿದೆ ಎಂಬುದನ್ನು ಗಮನಿಸಬೇಕು: ಕಟ್ಟಿನಿಂದ ಬಿಡಿಸಿದ್ದೂ ಬಿಡಿಯೇ, ‘ಬಿಡಿ, ಹತ್ತು, ನೂರು’ ಎನ್ನುವಾಗಿನ ಸ್ಥಾನದ ಹೆಸರೂ ಬಿಡಿಯೇ. ಇದೇ ಹಂತವನ್ನು ‘ಸಾಲ ತೆಗೆದುಕೊಳ್ಳುವುದು’ ಎಂದು ಹೇಳಿಕೊಡುವುದುಂಟು. ಆದರೆ ಮರಳಿಸುವ ಮಾತೇ ಇಲ್ಲದ ಕಡೆ ಸಾಲವೆಲ್ಲಿಂದ ಬಂತು? ಹೊತ್ತಗೆಯಲ್ಲಿ ‘ಹತ್ತನ್ನು ಬಿಡಿಸುವುದು’ ಎಂದೇ ಬರೆದಿದ್ದೇನೆ.

ಕಲಿಕೋಪಕರಣದ ಅರ್ಥ ನನಗೆ ಒಪ್ಪಿಗೆ, ರೂಪದ ವಿಷಯದಲ್ಲಿ ಅಳುಕಿದೆ. ಬೋಧನ ಮತ್ತು ಉಪಕರಣ ಎರಡೂ ಸಂಸ್ಕೃತ ಪದಗಳಾದ್ದರಿಂದ ಅಲ್ಲಿ ಅಕಾರ, ಉಕಾರಗಳು ಕೂಡಿ ಓಕಾರವಾಗುವ ಗುಣಸಂಧಿ ಸಹಜ. ಕಲಿಕೆಯಾದರೋ ‘ಕಲಿ’ ಎಂಬ ಧಾತುವಿಗೆ ‘ಕೆ’ ಪ್ರತ್ಯಯ ಸೇರಿ ಆದ ಅಚ್ಚಗನ್ನಡ ಪದ. ಅದಕ್ಕೆ ಉಪಕರಣವನ್ನು ಗುಣಸಂಧಿಯಿಂದ ಬೆಸೆದರೆ ಅರಿಸಮಾಸದ, ಅಂದರೆ ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ಸಮಾಸದಲ್ಲಿ ಬೆರೆಸಿದ, ಆಕ್ಷೇಪದ ಜೊತೆಗೆ ಸಂಧಿಯ ಆಕ್ಷೇಪವೂ ಬರುತ್ತದೆ. ‘ಕಲಿಕಾ ಸಾಮಗ್ರಿ’ಯ ಸ್ಥಿತಿ ಇನ್ನೂ ತೊಡಕಿನದು, ಏಕೆಂದರೆ ಸಂಸ್ಕೃತದಲ್ಲಿ ‘ಕಲಿಕಾ’ ಎಂದರೆ ಮೊಗ್ಗು. ಬಳಕೆಯಲ್ಲಿ ನೆಲೆನಿಂತ ಪದವನ್ನು ವ್ಯಾಕರಣದ ಕಾರಣಕ್ಕೆ ಕಿತ್ತುಹಾಕಬೇಕೆಂಬ ಹಟ ನನಗಿಲ್ಲ. ಆದರೂ ‘ಕಲಿಕೆಯ ಸಾಧನ’ ಎಂದರೆ ಯಾವ ತಕರಾರೂ ಇಲ್ಲದೆ ಅದೇ ಅರ್ಥ ಬರುತ್ತದೆ.

ನನ್ನನ್ನು ಹೆಚ್ಚು ಕಾಡಿದ ಪದ ‘ತೊಡಗಿಸಿಕೊಳ್ಳು’. ‘ಮಕ್ಕಳು ಆಟದಲ್ಲಿ ತಮ್ಮನ್ನು ತೊಡಗಿಸಿಕೊಂಡರು’ ಎಂಬ ವಾಕ್ಯದಲ್ಲಿ ‘ಕೊಳ್ಳು’ ಕ್ರಿಯೆಯ ಫಲವನ್ನು ಕರ್ತೃವಿನ ಕಡೆಗೆ ತಿರುಗಿಸುವುದರಿಂದ ಪ್ರಯೋಗ ಸರಿಯಾಗಿದೆ. ಆದರೆ ‘ಶಿಕ್ಷಕರು ಮಕ್ಕಳನ್ನು ಪಾಠದಲ್ಲಿ ತೊಡಗಿಸಿಕೊಂಡರು’ ಎಂದರೆ ಶಿಕ್ಷಕರು ತಮ್ಮ ಕೆಲಸಕ್ಕೆ ಮಕ್ಕಳನ್ನು ಸೇರಿಸಿಕೊಂಡರು ಎಂಬ ಧ್ವನಿ ಬರುವುದಿಲ್ಲವೇ? ‘ವಿದ್ಯಾರ್ಥಿಗಳನ್ನು ತೊಡಗಿಸಿಕೊಳ್ಳುವ ಸಾಧನಗಳು’ ಎಂಬಲ್ಲಂತೂ ಜಡವಸ್ತುವೇ ಕರ್ತೃವಾಗಿ, ಫಲವೂ ಅದಕ್ಕೇ ಸಲ್ಲುತ್ತದೆ. ಇಂಥ ಕಡೆ ‘ತೊಡಗಿಸುವ’ ಎಂದಷ್ಟೇ ಸಾಕೆಂಬುದು ನನ್ನ ಎಣಿಕೆ. ಇನ್ನು ‘ಓದಲು ತೊಡಗಿದರು’ ಎಂದರೆ ಆರಂಭಿಸಿದರು ಎಂದರ್ಥ, ‘ಓದಿನಲ್ಲಿ ತೊಡಗಿದರು’ ಎಂದರೆ ಅದರಲ್ಲಿ ನಿರತರಾದರು ಎಂದರ್ಥ. ಶಿಕ್ಷಕರಿಗೆ ಬೇಕಾದದ್ದು ಎರಡನೆಯದು. ಕೈ ಮಾತ್ರ ಆಡುತ್ತಿದ್ದು ಮನಸ್ಸು ಬೇರೆಲ್ಲೋ ಇರುವ ಮಗುವನ್ನೂ ‘ತೊಡಗಿದೆ’ ಎನ್ನುವುದರಿಂದ, ಮನಸ್ಸೂ ಜೊತೆಗಿರುವ ಸ್ಥಿತಿಗೆ ‘ತನ್ಮಯತೆ’ಗಿಂತ ಹಗುರವಾದ ಪದವೊಂದು ನನಗೆ ಬೇಕಾಗಿದೆ.

ಈಗ ಹಲಗೆಯ ವಿಷಯ. ಬಿಳಿ ಹಾಳೆಯೊಂದನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಸೇರಿಸಿದರೆ, ಮಾರ್ಕರಿನಿಂದ ಬರೆದು ಬಟ್ಟೆಯಿಂದ ಒರೆಸಬಹುದಾದ ಬರೆಯುವ ಫಲಕ ಸಿದ್ಧವಾಗುತ್ತದೆ. ಶಿಕ್ಷಕರು ಪ್ರಶ್ನೆ ಕೇಳಿ ‘ಎತ್ತಿ’ ಎಂದೊಡನೆ ತರಗತಿಯ ಎಲ್ಲ ಉತ್ತರಗಳೂ ಒಂದೇ ನೋಟಕ್ಕೆ ಸಿಗುತ್ತವೆ. ಕೈಯೆತ್ತುವ ನಾಲ್ವರಿಂದಲೇ ಉತ್ತರ ಪಡೆದು ಮುಂದೆ ಸಾಗುವ ಅಭ್ಯಾಸಕ್ಕೆ ಇಷ್ಟು ಸುಲಭವಾದ ಪರಿಹಾರ ಇನ್ನೊಂದಿಲ್ಲ. ಇದನ್ನು ‘ಮಿನಿ ವೈಟ್‌ಬೋರ್ಡ್’ ಎನ್ನುತ್ತಾರೆ. ‘ಕಿರು ಶ್ವೇತಫಲಕ’ ಎಂದರೆ ಮಕ್ಕಳ ಬಾಯಲ್ಲಿ ನಿಲ್ಲಲಾರದು. ಕುಮಾರವ್ಯಾಸನು ‘ಹಲಗೆ ಬಳಪವ ಪಿಡಿಯದ’ ಅಗ್ಗಳಿಕೆ ತನ್ನದೆಂದು ಹೇಳಿಕೊಳ್ಳುವಾಗ, ಬರೆದು ಒರೆಸುವ ಪರಿಕರಕ್ಕೆ ಹಲಗೆಯೆಂಬ ಹೆಸರು ಆಗಲೇ ಇತ್ತೆಂಬುದು ತಿಳಿಯುತ್ತದೆ. ಮರದ್ದಾಗಲಿ, ಕಲ್ಲಿನದ್ದಾಗಲಿ, ಪ್ಲಾಸ್ಟಿಕ್ಕಿನದ್ದಾಗಲಿ, ಬರೆದು ಒರೆಸಿ ಮತ್ತೆ ಬರೆಯುವುದಾದರೆ ‘ಕೈಹಲಗೆ’ ಎನ್ನೋಣವೇ?

‘ಮಿಂಚುಪಟ್ಟಿ’ಯನ್ನು ನಾನು ಬದಲಿಸಲಾರೆ. ಕ್ಷಣಮಾತ್ರ ತೋರಿಸಿ ಮರೆಮಾಡುವ ಕಾರ್ಡಿಗೆ ಅಷ್ಟು ಒಪ್ಪುವ ಪದವನ್ನು ಕಟ್ಟಿದವರಿಗೆ ನಾವು ಋಣಿಗಳು. ವರ್ಷವಿಡೀ ಗೋಡೆಗೆ ಅಂಟಿಕೊಂಡಿರುವ ಪಟ್ಟಿಗೂ ಅದೇ ಹೆಸರನ್ನು ಕೊಡಬಾರದಷ್ಟೇ. ‘ಕಡಿಮೆ ವೆಚ್ಚದ’ ಎಂಬುದರ ಬದಲು ‘ಅಗ್ಗದ’ ಎಂದು ಬರೆದರೆ ಕಳಪೆ ಎಂಬ ಸುಳಿವು ಬರುವುದರಿಂದ ಅದನ್ನು ಬಿಟ್ಟಿದ್ದೇನೆ.

ಅಮೆರಿಕದ ಶಿಕ್ಷಣತಜ್ಞ ಫ್ರ್ಯಾಂಕ್ ಲೈಮನ್ 1981ರಲ್ಲಿ ಮುಂದಿಟ್ಟ ‘ಥಿಂಕ್–ಪೇರ್–ಶೇರ್’ ಎಂಬ ವಿಧಾನಕ್ಕೆ ಕನ್ನಡದಲ್ಲಿ ‘ಯೋಚಿಸು–ಜೋಡಿಯಾಗು–ಹಂಚಿಕೊ’ ಎಂಬ ರೂಪ ಕಾಣಸಿಗುತ್ತದೆ. ಒಬ್ಬರೇ ಯೋಚಿಸಿ, ಪಕ್ಕದವರೊಡನೆ ಮಾತಾಡಿ, ಬಳಿಕ ಎಲ್ಲರ ಮುಂದೆ ಹೇಳುವುದು ಅದರ ಕ್ರಮ. ಯೋಚನೆಯನ್ನು ಹಂಚಿಕೊಳ್ಳುವುದು ಈಗ ಬಳಕೆಗೆ ಬಂದಿದ್ದರೂ ಸಣ್ಣ ಮಕ್ಕಳಿಗೆ ‘ಹಂಚಿಕೊ’ ಎಂದರೆ ಕೈಯಲ್ಲಿರುವುದನ್ನು ಪಾಲು ಮಾಡುವುದೆಂದೇ ಅನ್ನಿಸೀತು. ‘ಯೋಚಿಸು, ಮಾತಾಡು, ಹೇಳು’ ಎಂದರೆ ಸಾಲದೇ?

ಕೊನೆಯದಾಗಿ, ಪಾಠ ಮುಗಿದಾಗ ಮಕ್ಕಳು ಕಲಿತದ್ದನ್ನು ಒಂದೆರಡು ಸಾಲುಗಳಲ್ಲಿ ಬರೆದು ಶಿಕ್ಷಕರ ಕೈಗಿತ್ತು ಹೊರಡುವ ‘ಎಕ್ಸಿಟ್ ಟಿಕೆಟ್’. ‘ನಿರ್ಗಮನ ಚೀಟಿ’ ಎಂದರೆ ಕಾವಲುಗಾರನಿಗೆ ತೋರಿಸುವ ಪತ್ರದಂತಾಗುತ್ತದೆ, ‘ಕೊನೆಚೀಟಿ’ ಎಂದರೆ ಏನೋ ಅಶುಭದ ನೆರಳು ಬೀಳುತ್ತದೆ. ಸದ್ಯಕ್ಕೆ ‘ಹೊರಡುಚೀಟಿ’ ಎಂದು ಬರೆದಿಟ್ಟಿದ್ದೇನೆ. ತರಗತಿಯಲ್ಲಿ ಇದನ್ನು ಮಾಡಿಸುತ್ತಿರುವವರು ಮಕ್ಕಳು ತಾವಾಗಿ ಇದಕ್ಕೆ ಏನೆನ್ನುತ್ತಾರೆಂಬುದನ್ನು ತಿಳಿಸಿದರೆ, ಆ ಪದವನ್ನೇ ಇಟ್ಟುಕೊಳ್ಳುತ್ತೇನೆ.