ಶಾಲೆಯ ದಿನ ಮಾತ್ರ ಹೊಟ್ಟೆನೋವು, ಓದಲು ಬರದ ಮಗ: ಯಾರಿಗೆ ತೋರಿಸಲಿ?

ಶಿರಸಿ ಕಡೆಯ ತಾಯಿ:
ಮಗ ನಾಲ್ಕನೆಯ ತರಗತಿ. ಒಣಗಿಸಿ ಸುಲಿದ ಚಾಲಿ ಅಡಿಕೆಯಲ್ಲಿ ಬಿಳಿಗೋಟು, ಕೋಕಾ ಎಂಬ ಕೆಳದರ್ಜೆಯವನ್ನು ಆರಿಸುವುದರಲ್ಲಿ ಅಜ್ಜನಿಗಿಂತ ಚುರುಕು. ಪುಸ್ತಕ ಹಿಡಿದರೆ ದೀರ್ಘ ಹಾರಿಸುತ್ತಾನೆ, ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾನೆ. ಕಣ್ಣು, ಕಿವಿ ಸರಿಯಾಗಿವೆ. ಈಗೀಗ ಶಾಲೆಗೆ ಹೊರಡುವಾಗ ಹೊಟ್ಟೆನೋವು, ಕೆಲವೊಮ್ಮೆ ವಾಂತಿ. ರಜೆಯಲ್ಲಿ ಏನೂ ಇಲ್ಲ. ಎರಡನೆಯ ತರಗತಿಯ ತಂಗಿ ಅವನ ಪಾಠವನ್ನು ಓದಿ ತೋರಿಸಿದ ದಿನ ಪುಸ್ತಕವನ್ನೇ ಹರಿದು ಹಾಕಿದ. “ನಾನು ದಡ್ಡ, ಅಡಿಕೆ ಸುಲಿಯುತ್ತೇನೆ” ಎನ್ನುತ್ತಾನೆ. ಮನೆಯವರು ಸೋಮಾರಿತನ ಎನ್ನುತ್ತಾರೆ. ಓದು ಹಾಗಿರಲಿ, ಅವನ ಮುಖ ನೋಡಿದರೆ ನನಗೆ ಹೆದರಿಕೆಯಾಗುತ್ತದೆ.

ಅಂಕೋಲೆಯ ಅಕ್ಕೋರು, ನಿವೃತ್ತ ಶಿಕ್ಷಕಿ:
ತಂಗೀ, ಮೊದಲು ಆ ಹೊಟ್ಟೆನೋವನ್ನು ನಂಬು. ಅದು ನಾಟಕವಲ್ಲ; ಮಕ್ಕಳ ಹೆದರಿಕೆ ನಿಜವಾದ ನೋವಾಗಿಯೇ ಕಾಣಿಸಿಕೊಳ್ಳುತ್ತದೆ. ಬೇರೆ ಕಾರಣವಿಲ್ಲವೆಂದು ವೈದ್ಯರಲ್ಲಿ ಖಾತ್ರಿ ಮಾಡಿಕೊ. ಆಮೇಲೆ ಶಾಲೆಯಲ್ಲಿ ಯಾವ ಹೊತ್ತು ಕಷ್ಟ ಎಂದು ಅವನನ್ನೇ ಕೇಳು. ನಾನು ಕಂಡ ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಎದ್ದುನಿಂತು ಗಟ್ಟಿಯಾಗಿ ಓದುವ ಹೊತ್ತೇ ಕಷ್ಟದ್ದು. ತನ್ನ ಸರದಿ ಎಷ್ಟನೆಯದು ಎಂದು ಎಣಿಸುತ್ತ ಕುಳಿತವನಿಗೆ ಪಾಠ ಕಿವಿಗೇ ಬೀಳುವುದಿಲ್ಲ. ಕೆಲವರು ನೀರು ಕುಡಿಯಲು ಹೋಗುತ್ತಾರೆ, ಕೆಲವರು ಪಕ್ಕದವನನ್ನು ಚಿವುಟಿ ಬೇಕೆಂದೇ ಹೊರಗೆ ಹೋಗಿ ನಿಲ್ಲುತ್ತಾರೆ. ದಡ್ಡ ಎನ್ನಿಸಿಕೊಳ್ಳುವುದಕ್ಕಿಂತ ತುಂಟ ಎನ್ನಿಸಿಕೊಳ್ಳುವುದೇ ಅವರಿಗೆ ಮೇಲು. ಮಾಸ್ತರರಲ್ಲಿ ಇಷ್ಟು ಕೇಳಿಕೊ: ಎಲ್ಲರೆದುರು ಓದಿಸಬೇಡಿ, ಉತ್ತರವನ್ನು ಬಾಯಲ್ಲಿ ಹೇಳಿಸಿ.

ನೀನು ಹೇಳಿದ್ದು ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಲಿಯುವುದರಲ್ಲಿನ ತೊಡಕು, ಇರಬಹುದು; ಪರೀಕ್ಷಿಸದೆ ನಿರ್ಧರಿಸಬಾರದು. ಅದು ಬುದ್ಧಿಯ ಕೊರತೆಯಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧದ ಅಂಗವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ, ಡಿಸ್ಲೆಕ್ಸಿಯಾ ಅದರಲ್ಲೇ ಸೇರುತ್ತದೆ. ಪ್ರಮಾಣಪತ್ರವಿದ್ದರೆ ಮುಂದೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೇಳಬಹುದು.

ಕಾರವಾರದಿಂದ, ಒಬ್ಬ ಅಪ್ಪ:
ಅಕ್ಕೋರು ಹೇಳಿದ್ದು ಸರಿ. ನಮ್ಮ ಮನೆಮಾತು ಕೊಂಕಣಿ. ಮಗಳು ಕನ್ನಡ ಓದದಿರಲು ಅದೇ ಕಾರಣ ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ತರಗತಿಯ ಬೇರೆ ಕೊಂಕಣಿ ಮಕ್ಕಳು ಓದುತ್ತಿದ್ದರಲ್ಲ! ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ತೋರಿಸಿದೆವು. ವೈದ್ಯರು ಅವಳಿಗೇ “ನಿನ್ನ ಬುದ್ಧಿ ಚೆನ್ನಾಗಿದೆ, ಓದುವ ದಾರಿ ಮಾತ್ರ ಬೇರೆ ಬೇಕು” ಎಂದಾಗ, “ಇನ್ನೊಮ್ಮೆ ಹೇಳಿ” ಎಂದಳು. ಓದು ಈಗಲೂ ನಿಧಾನ, ಶಾಲೆಗೆ ಅಳುತ್ತ ಹೋಗುವುದಂತೂ ನಿಂತಿದೆ. ಹೋಗುವ ಮುಂಚೆ ಮಾತಾಡಬೇಕೆನಿಸಿದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಶಿರಸಿ ಕಡೆಯ ತಾಯಿ:
ತುಂಬಾ ಉಪಕಾರವಾಯಿತು. ಧಾರವಾಡಕ್ಕೆ ಹೋಗುವವರೆಗೆ ಮನೆಯಲ್ಲಿ ಓದಿಸುವುದೇ ಬೇಡವೇ?

ಅಂಕೋಲೆಯ ಅಕ್ಕೋರು:
ನೀನು ಓದಿ ಹೇಳು, ಅವನು ಕೇಳಲಿ. ಕಥೆ, ವಿಜ್ಞಾನ, ಏನಾದರೂ ಸರಿ. ಅಕ್ಷರ ತಡವಾಯಿತೆಂದು ತಿಳಿವಳಿಕೆ ಹಿಂದೆ ಬೀಳಬಾರದು. ಅಕ್ಷರಕ್ಕೆ ದಿನಕ್ಕೆ ಸ್ವಲ್ಪ ಹೊತ್ತು ಸಾಕು, ಅವನು ಬೇಸರಪಡುವ ಮುಂಚೆಯೇ ನಿಲ್ಲಿಸು. ಅವನ ತಂಗಿಗೆ ಬೇರೆ ಹೊತ್ತಿನಲ್ಲಿ ಓದಿಸು, ಇಬ್ಬರನ್ನೂ ಒಟ್ಟಿಗೆ ಕೂರಿಸಬೇಡ. ಅಜ್ಜನವರಿಗೂ ಇದನ್ನು ಓದಿ ಹೇಳು.