ಬೆನ್ನುಮೂಳೆಗೆ ಹಾಕಿದ ಸಿಮೆಂಟ್ ಲೀಕ್ ಆಗಿದೆಯಂತೆ, ಅಮ್ಮಂಗೆ ತೊಡೆ ಉರಿ, ಏನ್ ಮಾಡೋದು?

ಹಾಸನದ ಮಗಳು:
ಎಲ್ಲರಿಗೂ ನಮಸ್ಕಾರ. ಅಮ್ಮಂಗೆ 71 ವರ್ಷ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಭಾಗದ ಬೆನ್ನುಮೂಳೆಯಲ್ಲಿ ಎಲ್2 ಅನ್ನೋ ಮೂಳೆ ಕುಸಿದಿತ್ತು. ಮೂರು ವಾರ ಬೆಲ್ಟ್ ಹಾಕಿ ಮಲಗಿಸಿದ್ರೂ ಮಗ್ಗುಲು ಬದಲಾಯಿಸೋಕೂ ಆಗದಷ್ಟು ನೋವು, ಅದಕ್ಕೆ ವರ್ಟಿಬ್ರೋಪ್ಲಾಸ್ಟಿ, ಅಂದ್ರೆ ಕುಸಿದ ಮೂಳೆಯೊಳಗೆ ಸೂಜಿಯಲ್ಲಿ ಸಿಮೆಂಟ್ ತುಂಬೋ ಚಿಕಿತ್ಸೆ ಮಾಡ್ಸಿದ್ವಿ. ಮಾರನೇ ದಿನವೇ ಎದ್ದು ಕೂತ್ರು, ಬೆನ್ನುನೋವು ಮುಕ್ಕಾಲು ಪಾಲು ಹೋಯ್ತು. ಆದ್ರೆ ಅವತ್ತಿಂದಲೇ ಎಡ ತೊಡೆ ಮುಂದುಗಡೆ ಮೆಣಸಿನಕಾಯಿ ಅರೆದು ಹಚ್ಚಿದಂಗೆ ಉರಿ, ಸೀರೆ ತಾಗಿದ್ರೂ ತಡ್ಕೊಳೋಕಾಗಲ್ಲ ಅಂತಾರೆ. ಡಿಸ್ಚಾರ್ಜ್ ಪೇಪರಲ್ಲಿ ಸ್ವಲ್ಪ ಸಿಮೆಂಟ್ ಲೀಕ್ ಅಂತ ಒಂದೇ ಸಾಲು ಬರೆದಿದ್ದಾರೆ, ನಮಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಎಕ್ಸ್‌ರೇನ ಕಿಟಕಿ ಬೆಳಕಿಗೆ ಹಿಡಿದು ನೋಡಿದ್ರೆ ಮೂಳೆ ಪಕ್ಕ ಸುಣ್ಣ ಎಳೆದಂಗೆ ಒಂದು ಬಿಳಿ ಗೆರೆ. ಭಯ ಆಗ್ತಿದೆ.

ಸ್ಪೈನ್ ವಾರ್ಡ್ ನರ್ಸ್:
ಗಾಬರಿ ಆಗ್ಬೇಡಮ್ಮ. ಆ ಸಿಮೆಂಟ್ ಪಿಎಂಎಂಎ ಅಂತ, ಹಲ್ಲಿನ ಸೆಟ್ ಮಾಡೋ ಅಕ್ರಿಲಿಕ್ ಜಾತಿಯದೇ. ಪುಡಿಗೆ ದ್ರವ ಕಲಸಿ ಪೇಸ್ಟ್ ಹದಕ್ಕೆ ಬಂದಾಗ ಸೂಜಿಯಲ್ಲಿ ಬಿಡ್ತಾರೆ, ತೆಳ್ಳಗಿದ್ದಾಗಲೇ ಬಿಟ್ರೆ ಅಥವಾ ಮೂಳೆ ಗೋಡೆ ಒಡೆದಿದ್ರೆ ಹೊರಗೆ ಹರಿಯುತ್ತೆ, ಗಟ್ಟಿಯಾಗೋವಾಗ ಬಿಸಿಯೂ ಆಗುತ್ತೆ. ಸಿಟಿ ಮಾಡಿ ಹುಡುಕಿದ್ರೆ ತುಂಬಾ ಜನರಲ್ಲಿ ಲೀಕ್ ಸಿಗುತ್ತೆ, ಹೆಚ್ಚಿನವರಿಗೆ ಏನೂ ತೊಂದರೆ ಇರಲ್ಲ. ಎಷ್ಟು ಲೀಕ್ ಆಯ್ತು ಅನ್ನೋದಕ್ಕಿಂತ ಎಲ್ಲಿಗೆ ಹೋಯ್ತು ಅನ್ನೋದು ಮುಖ್ಯ. ಎರಡು ಮೂಳೆ ನಡುವಿನ ಮೆತ್ತೆ, ಅಂದ್ರೆ ಡಿಸ್ಕ್ ಒಳಗೆ ಹೋದ್ರೆ ಪಕ್ಕದ ಮೂಳೆ ಮುರಿಯೋ ಚಾನ್ಸ್ ಹೆಚ್ಚಬಹುದು. ನರ ಹೊರಗೆ ಬರೋ ಕಿಂಡಿಗೆ ಹೋದ್ರೆ ಆ ನರದ ದಾರಿಯುದ್ದಕ್ಕೂ ಉರಿ. ಎಲ್2 ನರ ತೊಡೆ ಮುಂಭಾಗಕ್ಕೇ ಬರೋದು, ಅಮ್ಮನ ಉರಿ ಅದಕ್ಕೆ ಹೊಂದುತ್ತೆ. ಡಾಕ್ಟರ್ ಹತ್ರ ಆ ಜಾಗದ ಸಿಟಿ ಕೇಳಿ. ಕಾಲಲ್ಲಿ ಶಕ್ತಿ ಕಮ್ಮಿಯಾದ್ರೆ, ಮೂತ್ರ ಕಟ್ಟಿದ್ರೆ ಅಥವಾ ಗೊತ್ತಾಗದೆ ಹೋದ್ರೆ, ಕೂರೋ ಜಾಗ ಮರಗಟ್ಟಿದ್ರೆ ಬೆಳಗಾಗಲಿ ಅಂತ ಕಾಯ್ಬೇಡಿ, ಆ ರಾತ್ರಿನೇ ಎಮರ್ಜೆನ್ಸಿಗೆ ಹೋಗಿ.

ಮೈಸೂರು ಅಣ್ಣ:
ನಮ್ಮಪ್ಪಂಗೆ ಸಿಮೆಂಟ್ ರಕ್ತನಾಳದೊಳಗೆ ಹೋಗಿತ್ತು. ಬೆನ್ನುಮೂಳೆ ಸುತ್ತ ಇರೋ ಸಿರೆಗಳಿಂದ ಹೃದಯದ ಬಲಗಡೆಗೆ, ಅಲ್ಲಿಂದ ಶ್ವಾಸಕೋಶಕ್ಕೆ. ನಾಲ್ಕನೇ ದಿನ ಮೆಟ್ಟಿಲು ಹತ್ತೋವಾಗ ಏದುಸಿರು, ವಯಸ್ಸಾಯ್ತು ಅಂತ ನಾವು ಸುಮ್ಮನಿದ್ವಿ, ಅದೇ ನಾವು ಮಾಡಿದ ತಪ್ಪು. ಸಿಟಿಯಲ್ಲಿ ಸಿಮೆಂಟ್ ಚೂರು ಕಾಣಿಸ್ತು. ಆರು ತಿಂಗಳು ರಕ್ತ ತೆಳುವಾಗೋ ಮಾತ್ರೆ ಕೊಟ್ರು, ಈಗ ದಿನಾ ವಾಕಿಂಗ್ ಹೋಗ್ತಾರೆ. ಎಲ್ಲರಿಗೂ ಆ ಮಾತ್ರೆ ಬೇಕಾಗಲ್ಲವಂತೆ, ನೀವಾಗೇ ಕೊಡ್ಬೇಡಿ. ಆದ್ರೆ ಎದೆನೋವು, ಉಸಿರಾಟದ ತೊಂದರೆ ಬಂದ್ರೆ ಬೆನ್ನಿಗೆ ಸಿಮೆಂಟ್ ಹಾಕಿದೆ ಅಂತ ಮೊದಲು ಅದನ್ನೇ ಹೇಳಿ, ಎಮರ್ಜೆನ್ಸಿಲಿರೋ ಡಾಕ್ಟರಿಗೆ ಆ ವಿಷಯ ಗೊತ್ತಿರಲ್ಲ.

ಫಿಸಿಯೋ:
ಒಂದು ಮಾತು, ಈ ಸಿಮೆಂಟ್ ಹಾಕೋದು ಎಲ್ಲರಿಗೂ ಬೇಕಾಗೋ ಚಿಕಿತ್ಸೆ ಅಲ್ಲ. 2009ರಲ್ಲಿ ಬಂದ ಎರಡು ಹೆಸರಾದ ಟ್ರಯಲ್‌ಗಳಲ್ಲಿ ಸುಮ್ಮನೆ ಸೂಜಿ ಚುಚ್ಚಿ ಸಿಮೆಂಟ್ ಹಾಕದೇ ಇದ್ದವರಿಗೂ ಅಷ್ಟೇ ನೋವು ಕಮ್ಮಿಯಾಗಿತ್ತು, ಅದರ ಬಗ್ಗೆ ಇವತ್ತಿಗೂ ವಾದ ನಡೀತಿದೆ. ಮಾಡ್ಸಿಯಾಗಿದೆ, ಅದಿರಲಿ. ಮೂಳೆ ಸವೆದಿದ್ದಕ್ಕೆ ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯೋ ಡೆಕ್ಸಾ ಸ್ಕ್ಯಾನ್ ಮಾಡ್ಸಿ ಔಷಧಿ ಶುರು ಮಾಡ್ಸಿದ್ರಾ? ಅದನ್ನ ಬಿಟ್ರೆ ಇನ್ನೊಂದು ಮೂಳೆ ಕುಸಿಯಬಹುದು.

ಹಾಸನದ ಮಗಳು:
ನರ್ಸ್ ಅಕ್ಕ, ನೀವು ಹೇಳಿದಂಗೇ ಆಯ್ತು. ಸಿಟಿಯಲ್ಲಿ ಎಡಗಡೆ ನರದ ಕಿಂಡಿಯಲ್ಲೇ ಸಿಮೆಂಟ್ ಇದೆ. ಕಾಲಿನ ಶಕ್ತಿ ಸರಿಯಾಗಿದೆ, ಅದಕ್ಕೆ ಆಪರೇಷನ್ ಬೇಡ, ನರದ ಬುಡಕ್ಕೆ ಇಂಜೆಕ್ಷನ್ ಕೊಟ್ಟು ನೋಡೋಣ ಅಂದ್ರು, ಮೊನ್ನೆ ಕೊಟ್ರು. ಡೆಕ್ಸಾ ನಾವು ಕೇಳಿದ ಮೇಲೆ ಬರೆದುಕೊಟ್ರು, ಸೋಮವಾರ ಇದೆ. ನಿನ್ನೆ ರಾತ್ರಿ ಅಮ್ಮ ತೊಡೆ ಮೇಲೆ ಕಂಬಳಿ ಹೊದ್ದು ಮಲಗಿದ್ರು.